ಪಟ್ಟೆ ಕತ್ತಾಳೆ: ಹಳದಿ ಅಂಚು ಎಲ್ಲಿಂದ ಬಂತು, ಉಳಿಸಿಕೊಳ್ಳುವುದು ಹೇಗೆ

ಹೊಲದ ಬದುಗಳಲ್ಲಿ, ರೈಲು ಹಳಿಗಳ ಪಕ್ಕದಲ್ಲಿ ಕಾಣುವ ಕತ್ತಾಳೆಯ ತವರು ಮೆಕ್ಸಿಕೊ. ಸಸ್ಯವಿಜ್ಞಾನಿ ಲಿನಿಯಸ್ 1753ರಲ್ಲಿ ಅದಕ್ಕೆ ಅಗೇವ್ ಅಮೆರಿಕಾನಾ ಎಂದು ಹೆಸರಿಟ್ಟ. ಅದರ ಉದ್ಯಾನ ತಳಿಗಳಲ್ಲಿ ಎರಡನ್ನು ಗುರುತಿಟ್ಟುಕೊಂಡರೆ ಸಾಕು: ಮಾರ್ಜಿನೇಟಾದಲ್ಲಿ ಎಲೆಯ ಅಂಚು ಹಳದಿ, ಮೀಡಿಯೊಪಿಕ್ಟಾ ಆಲ್ಬಾದಲ್ಲಿ ಅಂಚು ಹಸಿರು, ನಡುವೆ ಬಿಳಿ ಪಟ್ಟೆ.

ಈ ಪಟ್ಟೆ ರೋಗವೂ ಅಲ್ಲ, ಗೊಬ್ಬರದ ಕೊರತೆಯೂ ಅಲ್ಲ. ಗಿಡದ ಬೆಳೆಯುವ ಕುಡಿಯಲ್ಲಿ ಜೀವಕೋಶಗಳು ಪದರ ಪದರವಾಗಿರುತ್ತವೆ. ಒಂದು ಪದರದಲ್ಲಿ ಪತ್ರಹರಿತ್ತು ತಯಾರಾಗುತ್ತದೆ, ಇನ್ನೊಂದರಲ್ಲಿ ಇಲ್ಲ. ಎರಡು ಬಗೆಯ ಅಂಗಾಂಶ ಒಂದೇ ಗಿಡದಲ್ಲಿ ಹೀಗೆ ಒಟ್ಟಿಗೆ ಬಾಳುವುದಕ್ಕೆ ಸಸ್ಯಶಾಸ್ತ್ರದಲ್ಲಿ ಕೈಮೀರಾ ಎನ್ನುತ್ತಾರೆ. ಇಷ್ಟು ಅರ್ಥವಾದರೆ ಉಳಿದದ್ದನ್ನು ಬಾಯಿಪಾಠ ಮಾಡಬೇಕಿಲ್ಲ. ಬೀಜದೊಳಗಿನ ಭ್ರೂಣ ಒಂದೇ ಕೋಶದಿಂದ ಬೆಳೆಯುತ್ತದೆ. ಎರಡು ಪದರಗಳು ಒಟ್ಟಿಗೆ ದಾಟಲು ಅಲ್ಲಿ ದಾರಿಯಿಲ್ಲ. ಆದ್ದರಿಂದ ಬೀಜದ ಸಸಿಗಳಲ್ಲಿ ತಾಯಿಯ ಪಟ್ಟೆಯನ್ನು ನಿರೀಕ್ಷಿಸುವಂತಿಲ್ಲ. ಬುಡದಲ್ಲಿ ಏಳುವ ಕಂದುಗಳೇ, ಅಂದರೆ ಮರಿಗಿಡಗಳೇ ಗತಿ.

ಕಂದುಗಳಲ್ಲೂ ಆಯ್ಕೆ ಬೇಕು. ಪೂರ್ತಿ ಹಸಿರಾಗಿ ಬಂದದ್ದು ಪಟ್ಟೆಯುಳ್ಳದ್ದಕ್ಕಿಂತ ಬೇಗ ಬೆಳೆದು ಜಾಗ ಕಬಳಿಸುತ್ತದೆ. ಅದನ್ನು ಎಳೆಯದಾಗಿರುವಾಗಲೇ ತೆಗೆಯಿರಿ. ಪೂರ್ತಿ ಬೆಳ್ಳಗಿರುವುದು ನೋಡಲು ಚೆಂದ, ಆದರೆ ತಾಯಿಯಿಂದ ಬೇರ್ಪಡಿಸಿದರೆ ಆಹಾರ ತಯಾರಿಸಿಕೊಳ್ಳಲಾಗದೆ ಸಾಯುತ್ತದೆ. ಸುತ್ತಲಿನ ಎಲ್ಲ ಎಲೆಗಳಲ್ಲೂ ಪಟ್ಟೆ ಸಮನಾಗಿರುವುದನ್ನೇ ಆರಿಸಿ, ಕತ್ತರಿಸಿದ ಗಾಯ ಕೆಲವು ದಿನ ನೆರಳಿನಲ್ಲಿ ಒಣಗಿದ ಮೇಲೆ ನೆಡಿ.

ಆರಿಸುವಾಗ ಎಲೆಯ ಬೆನ್ನನ್ನೂ ಗಮನಿಸಿ. ಎಲೆಗಳು ನಡುವೆ ಬಿಗಿಯಾಗಿ ಸುರುಳಿ ಸುತ್ತಿಕೊಂಡಿದ್ದಾಗ ಪಕ್ಕದ ಎಲೆಯ ಮುಳ್ಳುಗಳು ಒತ್ತಿದ ಅಚ್ಚು ಅಲ್ಲಿ ಸಾಲಾಗಿ ಉಳಿದಿರುತ್ತದೆ. ನನಗೆ ಪಟ್ಟೆಗಿಂತ ಆ ಗುರುತೇ ಇಷ್ಟ.

ಆರೈಕೆ ಕಡಿಮೆ. ಕತ್ತಾಳೆಯ ಪತ್ರರಂಧ್ರಗಳು ರಾತ್ರಿ ತೆರೆದು ಹಗಲಿನಲ್ಲಿ ಮುಚ್ಚುವುದರಿಂದ ನೀರಿನ ಖರ್ಚು ಅಲ್ಪ. ಅದನ್ನು ಕೊಲ್ಲುವುದು ಬರವಲ್ಲ, ನಿಂತ ನೀರು. ದಪ್ಪ ಮರಳು, ಇಟ್ಟಿಗೆ ಚೂರು ಬೆರೆಸಿದ ಮಣ್ಣು, ಚೆನ್ನಾಗಿ ಬಿಸಿಲು ಬೀಳುವ ಜಾಗ ಕೊಡಿ. ಮಲೆನಾಡು, ಕರಾವಳಿಯವರು ಏರುಮಡಿಯಲ್ಲಿ ನೆಟ್ಟರೆ ಕೊಳೆಯುವ ಭಯ ಕಡಿಮೆ.

ಓಡಾಡುವ ದಾರಿಯ ಪಕ್ಕ ಮಾತ್ರ ಬೇಡ. ಎಲೆಯ ತುದಿಯಲ್ಲಿ ಗಟ್ಟಿ ಮುಳ್ಳಿದೆ. ರಸದಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟ್ ಸೂಜಿಹರಳುಗಳು ಚರ್ಮಕ್ಕೆ ತಾಗಿದರೆ ಉರಿ, ತುರಿಕೆ. ಹಳೆಯ ಎಲೆ ಕತ್ತರಿಸುವಾಗ ಕೈಗವಸು, ಕನ್ನಡಕ ಇರಲಿ.

ಹತ್ತಾರು ವರ್ಷಗಳ ನಂತರ ಒಮ್ಮೆ ಮಾತ್ರ ಎತ್ತರದ ಹೂದಂಡು ಏಳುತ್ತದೆ, ಆಮೇಲೆ ತಾಯಿಗಿಡ ಒಣಗುತ್ತದೆ. ಅಷ್ಟರೊಳಗೆ ಒಳ್ಳೆಯ ಪಟ್ಟೆಯ ಕಂದುಗಳು ಕುಂಡ ಸೇರಿರಬೇಕು. ಹಸಿರು ಕಂದುಗಳು ಬೇಕಾದರೆ ಬೇಲಿಗೆ ಹೋಗಲಿ.