ಜೀವಮಾನ ಸಾಧನೆ ಪ್ರಶಸ್ತಿ: ಯಾವುದಕ್ಕೆ, ಯಾರಿಗೆ?

“ನನ್ನ ಜೀವಮಾನದಲ್ಲೇ ಇಂಥದ್ದು ನೋಡಿಲ್ಲ” ಅಂತ ಸುಮ್ನೆ ಮಾತಿಗೆ ಹೇಳುತ್ತೇವೆ. ಆಗ ‘ಜೀವಮಾನ’ ಅಂದರೆ ಹುಟ್ಟಿನಿಂದ ಈ ಗಳಿಗೆಯವರೆಗಿನ ಲೆಕ್ಕ. ಲೆಕ್ಕ ಇನ್ನೂ ಮುಗಿದಿಲ್ಲ, ಮುಂದೆಯೂ ನಡೆಯುತ್ತದೆ. ಆದರೆ ಅದೇ ಪದದ ಪಕ್ಕ ‘ಸಾಧನೆ ಪ್ರಶಸ್ತಿ’ ಅಂತ ಸೇರಿಸಿ ನೋಡಿ. ತಕ್ಷಣ ಲೆಕ್ಕದ ಪುಸ್ತಕ ಮುಚ್ಚಿದ ಹಾಗೆ ಕೇಳಿಸುತ್ತದೆ. ಕೂದಲು ಬೆಳ್ಳಗಾದವರು, ಯಾರದೋ ಕೈ ಹಿಡಿದು ವೇದಿಕೆ ಹತ್ತುವವರು, ಎದ್ದು ನಿಂತು ಚಪ್ಪಾಳೆ ಹೊಡೆಯುವ ಸಭಿಕರು. ಇದೇ ಚಿತ್ರ ಕಣ್ಣ ಮುಂದೆ ಬರುತ್ತದೆ, ಅಲ್ವಾ?

‘ಸಾಧನೆ’ಗೆ ಕನ್ನಡದಲ್ಲಿ ಎರಡು ಅರ್ಥ ಇದೆ. ಒಂದು, ಗುರಿ ಮುಟ್ಟುವುದು. ಇನ್ನೊಂದು, ದಿನಾ ಕೂತು ಅಭ್ಯಾಸ ಮಾಡುವುದು. ಸಂಗೀತ ಕಲಿಯುವವರು “ಬೆಳಿಗ್ಗೆ ಎರಡು ಗಂಟೆ ಸಾಧನೆ ಮಾಡುತ್ತೇನೆ” ಅನ್ನುವುದು ಈ ಎರಡನೇ ಅರ್ಥದಲ್ಲಿ. ಸಿನಿಮಾದ ಮಾಮೂಲಿ ಪ್ರಶಸ್ತಿಗಳು ಮೊದಲನೇ ಅರ್ಥದವು. ಈ ವರ್ಷ, ಈ ಚಿತ್ರ, ಈ ಪಾತ್ರ, ಗೆದ್ದರು, ಮುಗಿಯಿತು. ಜೀವಮಾನ ಸಾಧನೆ ಪ್ರಶಸ್ತಿ ಇರಬೇಕಾದದ್ದು ಎರಡನೇ ಅರ್ಥದ ಸಾಧನೆಗೆ ಅನ್ನುವುದು ನನ್ನ ವಾದ.

ಇದನ್ನೇ ‘ಗೌರವ ಪ್ರಶಸ್ತಿ’ ಅಂತಲೂ ಕರೆಯುತ್ತಾರೆ. ‘ಗೌರವ’ ಬಂದಿರುವುದು ‘ಗುರು’ ಅನ್ನುವುದರಿಂದ. ಗುರು ಅಂದರೆ ಭಾರ, ತೂಕ ಇರುವುದು. ಆದರೆ ಬಳಕೆಯಲ್ಲಿ ಈ ಪದ ಸ್ವಲ್ಪ ಹಗುರವಾಗಿಬಿಟ್ಟಿದೆ. ಗೌರವ ಕಾರ್ಯದರ್ಶಿ ಅಂದರೆ ಸಂಬಳ ಇಲ್ಲ. ಗೌರವ ಡಾಕ್ಟರೇಟ್ ಅಂದರೆ ಪರೀಕ್ಷೆ ಇಲ್ಲ. ಹಾಗೇ ಗೌರವ ಆಸ್ಕರ್ ಅಂದರೆ ಸ್ಪರ್ಧೆ ಇಲ್ಲ. ಐದು ಹೆಸರು ಓದಿ, ಲಕೋಟೆ ಹರಿದು, ನಾಲ್ಕು ಜನರ ಮುಖ ಬಾಡುವ ನಾಟಕ ಇಲ್ಲಿ ನಡೆಯುವುದಿಲ್ಲ. ಆಸ್ಕರ್ ಕೊಡುವ ಸಂಸ್ಥೆಯಾದ ಅಕಾಡೆಮಿಯ ಸಾವಿರಾರು ಸದಸ್ಯರು ಮತ ಹಾಕುವುದೂ ಇಲ್ಲ. ಆಡಳಿತ ಮಂಡಳಿ ಕೂತು ತೀರ್ಮಾನಿಸುತ್ತದೆ. ಅದಕ್ಕೇ ‘ಯಾರಿಗೆ ಕೊಡಬೇಕು’ ಅನ್ನುವ ಪ್ರಶ್ನೆ ಇಲ್ಲಿ ಜಾಸ್ತಿ ಮುಖ್ಯ. ಮತ ಎಣಿಸಿ ಬಂದ ಫಲಿತಾಂಶಕ್ಕೆ ಎಣಿಕೆಯೇ ಉತ್ತರ. ಆರಿಸಿ ಕೊಟ್ಟದ್ದಕ್ಕೆ ಕಾರಣ ಹೇಳಬೇಕಾಗುತ್ತದೆ.

ಒಂದು ವಿಷಯ ಅನೇಕರಿಗೆ ಗೊತ್ತಿರುವುದಿಲ್ಲ. ಈ ಪ್ರಶಸ್ತಿ ಶುರುವಿನಲ್ಲಿ ವಯಸ್ಸಾದವರದ್ದಾಗಿರಲಿಲ್ಲ. 1929ರ ಮೊದಲ ಆಸ್ಕರ್ ಸಮಾರಂಭದಲ್ಲೇ ಎರಡು ವಿಶೇಷ ಪ್ರಶಸ್ತಿ ಕೊಟ್ಟರು. ಒಂದು ಚಾರ್ಲಿ ಚಾಪ್ಲಿನ್‌ಗೆ. ಆಗ ಅವರಿಗೆ ಬರೀ 40. ಇನ್ನೊಂದು ವಾರ್ನರ್ ಬ್ರದರ್ಸ್ ಕಂಪನಿಗೆ, ಮಾತಾಡುವ ಚಿತ್ರ ತಂದದ್ದಕ್ಕೆ. 1935ರಲ್ಲಿ ಶರ್ಲಿ ಟೆಂಪಲ್ ಅನ್ನುವ ಆರು ವರ್ಷದ ಹುಡುಗಿಗೆ ಪುಟ್ಟ ಪ್ರತಿಮೆ ಕೊಟ್ಟರು. 1939ರಲ್ಲಿ ವಾಲ್ಟ್ ಡಿಸ್ನಿಗೆ ಒಂದು ದೊಡ್ಡ ಪ್ರತಿಮೆ, ಜೊತೆಗೆ ಏಳು ಚಿಕ್ಕವು. ಹಿಮಬಿಳಿ ರಾಜಕುಮಾರಿ ಮತ್ತು ಏಳು ಕುಳ್ಳರ ಚಿತ್ರಕ್ಕೆ ಅದು. ಅಂದರೆ ಆಗ ಈ ಪ್ರಶಸ್ತಿಯ ಅರ್ಥ ಸರಳವಾಗಿತ್ತು: ಇವರ ಕೆಲಸ ನಮ್ಮ ಯಾವ ಪಟ್ಟಿಗೂ ಹೊಂದುತ್ತಿಲ್ಲ, ಆದರೆ ಸುಮ್ಮನಿರುವುದಕ್ಕೂ ಆಗುತ್ತಿಲ್ಲ.

ಪಟ್ಟಿಗೆ ಹೊಂದದ ಕೆಲಸ. ಈ ಅರ್ಥವನ್ನು ಸ್ವಲ್ಪ ಹಿಡಿದುಕೊಳ್ಳಿ. ಬೇರೆ ಭಾಷೆಯ ಚಿತ್ರಗಳಿಗೆ ಆಸ್ಕರ್‌ನಲ್ಲಿ ಸ್ಪರ್ಧೆಯ ವಿಭಾಗ ಬಂದದ್ದು 1956ರ ಚಿತ್ರಗಳಿಂದ. ಅದಕ್ಕೆ ಮುಂಚೆ ಇಟಲಿ, ಜಪಾನ್‌ನ ಚಿತ್ರಗಳಿಗೆ ಅತ್ಯುತ್ತಮ ವಿದೇಶಿ ಚಿತ್ರ ಅಂತ ಕೊಟ್ಟದ್ದು ಗೌರವ ಪ್ರಶಸ್ತಿಯೇ. ಮೇಕಪ್‌ನ ಕಥೆಯೂ ಅಷ್ಟೆ. 1969ರಲ್ಲಿ ಜಾನ್ ಚೇಂಬರ್ಸ್‌ಗೆ ಗೌರವ ಆಸ್ಕರ್ ಸಿಕ್ಕಿತು. ನಟರ ಮುಖಕ್ಕೆ ವಾನರನ ಮುಖ ಅಂಟಿಸಿ, ಆ ಮುಖದ ಹಿಂದಿನಿಂದಲೂ ನಟನೆ ಕಾಣುವ ಹಾಗೆ ಮಾಡಿದ್ದರು. ಮೇಕಪ್‌ಗೆ ಪ್ರತಿ ವರ್ಷದ ವಿಭಾಗ ಬಂದದ್ದು 1980ರ ದಶಕದಲ್ಲಿ. ಗೌರವ ಪ್ರಶಸ್ತಿ ಮೊದಲು ದಾರಿ ತೋರಿಸಿತು, ಸ್ಪರ್ಧೆ ಆಮೇಲೆ ಬಂತು.

ಹಾಗಾದರೆ ಇದು ‘ಸೋತವರಿಗೆ ಸಮಾಧಾನ’ ಅನ್ನುವ ಹೆಸರು ಪಡೆದದ್ದು ಹೇಗೆ? ದೊಡ್ಡ ನಟರಿಗೆ ಮತ್ತೆ ಮತ್ತೆ ತಪ್ಪಿಸಿ, ಕೊನೆಗೆ ಬಾಕಿ ತೀರಿಸುವ ಚಾಳಿ ಬೆಳೆದದ್ದರಿಂದ. ಪೀಟರ್ ಓಟೂಲ್ ಏಳು ಸಲ ನಾಮನಿರ್ದೇಶನಗೊಂಡು ಏಳೂ ಸಲ ಬರಿಗೈಲಿ ಮರಳಿದವರು. 2003ರಲ್ಲಿ ಗೌರವ ಆಸ್ಕರ್ ಕೊಡುತ್ತೇವೆ ಅಂದಾಗ ಅವರು ಅಕಾಡೆಮಿಗೆ ಪತ್ರ ಬರೆದರು. ನಾನಿನ್ನೂ ಆಟದಲ್ಲಿದ್ದೇನೆ, ಗೆದ್ದೇ ತಗೊಳ್ಳಬಹುದು, 80 ತುಂಬುವವರೆಗೆ ತಡೆಯಿರಿ ಅನ್ನುವ ಧಾಟಿಯ ಪತ್ರ. ಅವರಿಗೆ ಆಗ 70. ಕೊನೆಗೆ ಒಪ್ಪಿ, ಹೋಗಿ ತೆಗೆದುಕೊಂಡರು. ಕೆಲವೇ ವರ್ಷಗಳಲ್ಲಿ ಎಂಟನೇ ಸಲ ನಾಮನಿರ್ದೇಶನ ಬಂತು, ಅದೂ ಕೈಗೆ ಹತ್ತಲಿಲ್ಲ. ಆದರೂ ಆ ಪತ್ರ ಬರೆದ ಮನಸ್ಸು ನನಗೆ ಇಷ್ಟ. ಬಾಕಿ ಚುಕ್ತಾ ಮಾಡಿಸಿಕೊಳ್ಳುವುದಕ್ಕೆ ಒಪ್ಪದ ಮನಸ್ಸು ಅದು.

ಪಾಲ್ ನ್ಯೂಮನ್ ಇನ್ನೂ ತುಂಟ. ನಟನೆಗೆ ಆರು ಸಲ ನಾಮನಿರ್ದೇಶನ, ಒಂದೂ ಗೆಲುವಿಲ್ಲ. 1986ರಲ್ಲಿ ಗೌರವ ಪ್ರಶಸ್ತಿ ಬಂದಾಗ, ಇದರ ಜೊತೆ ಸ್ಮಶಾನದ ಗಿಫ್ಟ್ ವೋಚರ್ ಕಟ್ಟಿ ಕಳಿಸಿಲ್ಲವಲ್ಲ ಅಂತ ತಮಾಷೆ ಮಾಡಿದರು. ಮುಂದಿನ ವರ್ಷವೇ ಅತ್ಯುತ್ತಮ ನಟ ಪ್ರಶಸ್ತಿ ಗೆದ್ದರು! ಹೆನ್ರಿ ಫೋಂಡಾಗೂ ಹೀಗೇ ಆಯಿತು: 1981ರಲ್ಲಿ ಗೌರವ, 1982ರಲ್ಲಿ ಗೆಲುವು. ಸಂಗೀತ ನಿರ್ದೇಶಕ ಎನ್ನಿಯೊ ಮೊರಿಕೋನೆಗೆ 2007ರಲ್ಲಿ ಗೌರವ, 2016ರಲ್ಲಿ 87ನೇ ವಯಸ್ಸಿನಲ್ಲಿ ಸ್ಪರ್ಧೆಯಲ್ಲೇ ಗೆಲುವು. ‘ಜೀವಮಾನ’ ಅಂತ ಮುದ್ರೆ ಒತ್ತಿದ ಮೇಲೂ ಜೀವಮಾನ ಉಳಿದಿತ್ತು.

ಹೆಸರಾಂತ ನಟರಿಗೆ ಕೊಡಲೇಬಾರದು ಅಂತ ನಾನು ಹೇಳುತ್ತಿಲ್ಲ. ಆದರೆ ಅವರಿಗೆ ಬೇರೆ ದಾರಿಗಳಿವೆ. ಜನ ಅವರನ್ನು ಗುರುತಿಸುತ್ತಾರೆ, ಪೋಸ್ಟರ್‌ನಲ್ಲಿ ಮುಖ ಇರುತ್ತದೆ, ಪ್ರತಿ ವರ್ಷ ಅವರ ವಿಭಾಗಕ್ಕೆ ಸ್ಪರ್ಧೆ ಇರುತ್ತದೆ. ಯಾರಿಗೆ ಕೊಡಬೇಕು ಅಂತ ಕೇಳಿದರೆ ನಾನು ಒಂದು ಸಣ್ಣ ಪರೀಕ್ಷೆ ಹೇಳುತ್ತೇನೆ. ಆ ಮನುಷ್ಯನನ್ನು ಸಿನಿಮಾದಿಂದ ತೆಗೆದುಬಿಡಿ. ಅವರ ಚಿತ್ರಗಳಷ್ಟೇ ಹೋದವೋ, ಅವರು ಮುಟ್ಟದ ಚಿತ್ರಗಳೂ ಸೊರಗಿದವೋ? ಬೇರೆಯವರ ಚಿತ್ರವೂ ಸೊರಗುತ್ತದೆ ಅನ್ನುವುದಾದರೆ ಅವರೇ ಅರ್ಹರು.

ಯಾಕಿಮಾ ಕನಟ್‌ನನ್ನು ತೆಗೆದುಕೊಳ್ಳಿ. ಹೆಸರು ಕೇಳಿಲ್ಲದಿದ್ದರೂ ಅವರ ಕೆಲಸ ನೋಡಿಯೇ ಇರುತ್ತೀರಿ. 1939ರ ‘ಸ್ಟೇಜ್‌ಕೋಚ್’ ಚಿತ್ರದಲ್ಲಿ ಆರು ಕುದುರೆ ಕಟ್ಟಿದ ಬಂಡಿ ನಾಗಾಲೋಟದಲ್ಲಿ ಓಡುತ್ತಿರುತ್ತದೆ. ಒಬ್ಬ ತನ್ನ ಕುದುರೆಯಿಂದ ಮುಂದಿನ ಕುದುರೆಗಳ ಮೇಲೆ ಹಾರುತ್ತಾನೆ. ಗುಂಡೇಟು ತಿಂದು ಕುದುರೆಗಳ ನಡುವೆ ಜಾರುತ್ತಾನೆ. ನೊಗದ ಮರ ಹಿಡಿದು ನೆಲದ ಮೇಲೆ ಎಳೆಸಿಕೊಂಡು ಹೋಗುತ್ತಾನೆ. ಕೈ ಬಿಡುತ್ತಾನೆ. ಕುದುರೆಗಳು, ಆಮೇಲೆ ಇಡೀ ಬಂಡಿ ಅವನ ಮೇಲಿಂದ ದಾಟಿ ಹೋಗುತ್ತದೆ. ಕಂಪ್ಯೂಟರ್ ಇಲ್ಲ, ಗೊಂಬೆ ಇಲ್ಲ. ನೆಲಕ್ಕೆ ಬೆನ್ನು ಹಚ್ಚಿ ಮಲಗಿದ್ದವರು ಕನಟ್. ಚಕ್ರ ಎರಡೂ ಪಕ್ಕದಲ್ಲಿ ಹಾದು ಹೋಗುವಷ್ಟು ಹೊತ್ತು ಅಲುಗಾಡುವ ಹಾಗಿಲ್ಲ.

ಧೈರ್ಯಕ್ಕೇ ಪ್ರಶಸ್ತಿ ಕೊಟ್ಟಿದ್ದರೂ ಯಾರೂ ಬೇಡ ಅನ್ನುತ್ತಿರಲಿಲ್ಲ. ಆದರೆ 1967ರಲ್ಲಿ ಅವರಿಗೆ ಗೌರವ ಆಸ್ಕರ್ ಕೊಟ್ಟಾಗ ಪ್ರಶಸ್ತಿಯ ಮಾತಿನಲ್ಲಿ ಇನ್ನೊಂದು ಕಾರಣವೂ ಇತ್ತು: ಎಲ್ಲೆಡೆಯ ಸ್ಟಂಟ್ ಕಲಾವಿದರ ರಕ್ಷಣೆಗಾಗಿ ಸಾಧನಗಳನ್ನು ರೂಪಿಸಿದ್ದು. ಕುದುರೆಯಿಂದ ಬೀಳುವಾಗ ಪಾದ ರಿಕಾಪಿಗೆ, ಅಂದರೆ ಜೀನಿನಿಂದ ಇಳಿಬಿಟ್ಟ ಕಾಲಿಡುವ ಬಳೆಗೆ, ಸಿಕ್ಕಿಕೊಂಡರೆ ಸವಾರನ ಕಥೆ ಮುಗಿದ ಹಾಗೆ. ಪಾದ ಸಲೀಸಾಗಿ ಬಿಟ್ಟುಕೊಳ್ಳುವಂಥ ರಿಕಾಪು ಮಾಡಿಸಿದ್ದು ಅವರೇ. ತಾನು ಬಿದ್ದು ಕಲಿತದ್ದನ್ನು ಮುಂದೆ ಬೀಳುವವರ ಕೈಗೆ ಕೊಟ್ಟರು. ಆಗಲೇ ಹೇಳಿದ ಪರೀಕ್ಷೆ ಇಲ್ಲಿ ತಾನಾಗಿ ಪಾಸಾಗುತ್ತದೆ.

ಇನ್ನೊಬ್ಬರು ಕ್ಯಾಮೆರಾಮನ್ ಗಾರ್ಡನ್ ವಿಲ್ಲಿಸ್. ‘ಗಾಡ್‌ಫಾದರ್’ನ ಮೊದಲ ದೃಶ್ಯ ನೆನಪಿಸಿಕೊಳ್ಳಿ. ಕತ್ತಲೆ ಕೋಣೆ. ಬೆಳಕು ನೆತ್ತಿಯ ಮೇಲಿಂದ ಬೀಳುತ್ತದೆ. ಮುದುಕ ಕೂತು ಕೇಳುತ್ತಿದ್ದಾನೆ, ಆದರೆ ಅವನ ಕಣ್ಣೇ ಕಾಣುವುದಿಲ್ಲ, ಎರಡು ನೆರಳಿನ ಗುಳಿ ಅಷ್ಟೆ. ನಟನ ಕಣ್ಣು ಕಾಣದೆ ಇದ್ದರೆ ಹೇಗೆ ಅನ್ನುವ ಕಾಲ ಅದು. ಆ ಕತ್ತಲೇ ಆಮೇಲೆ ಎಷ್ಟೋ ಛಾಯಾಗ್ರಾಹಕರಿಗೆ ಧೈರ್ಯ ಕೊಟ್ಟಿತು. ಆ ಚಿತ್ರಕ್ಕೆ ವಿಲ್ಲಿಸ್‌ಗೆ ಗೆಲುವು ಬಿಡಿ, ನಾಮನಿರ್ದೇಶನವೂ ಸಿಗಲಿಲ್ಲ. 2009ರಲ್ಲಿ ಗೌರವ ಆಸ್ಕರ್ ಬಂತು. ಇದೂ ಬಾಕಿ ತೀರಿಸಿದ್ದೇ ಅಲ್ವಾ ಅಂತ ನೀವು ಕೇಳಬಹುದು. ಹೌದು, ಸ್ವಲ್ಪ ಮಟ್ಟಿಗೆ. ಆದರೆ ಇಲ್ಲಿ ತೀರಿದ್ದು ಆ ಕತ್ತಲನ್ನು ಕಡ ತಂದವರೆಲ್ಲರ ಬಾಕಿ.

ನಮ್ಮ ದೇಶದ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯೂ ಇದೇ ಜಾತಿಯದ್ದು. 1969ರಲ್ಲಿ ಶುರುವಾಯಿತು, ಮೊದಲು ಪಡೆದವರು ನಟಿ ದೇವಿಕಾ ರಾಣಿ. ಕ್ಯಾಮೆರಾ ಕೆಲಸಕ್ಕಾಗಿಯೇ ಅದನ್ನು ಒಬ್ಬರಿಗೆ ಕೊಡುವುದಕ್ಕೆ 2008ರ ಸಾಲಿನವರೆಗೆ ಕಾಯಬೇಕಾಯಿತು. ಪಡೆದವರು ವಿ.ಕೆ. ಮೂರ್ತಿ. ಗುರುದತ್ ಚಿತ್ರಗಳಲ್ಲಿ ಕತ್ತಲ ಸ್ಟುಡಿಯೋದೊಳಗೆ ಇಳಿಬೀಳುವ ಆ ಬೆಳಕಿನ ಕೋಲು ಅವರದು. ನಾಲ್ಕು ದಶಕ ತಡ!

ಗುಣವನ್ನೂ ನೋಡಬೇಕೇ? ಇದು ಕಷ್ಟದ ಪ್ರಶ್ನೆ. 1999ರಲ್ಲಿ ನಿರ್ದೇಶಕ ಎಲಿಯಾ ಕಜಾನ್‌ಗೆ ಗೌರವ ಆಸ್ಕರ್ ಕೊಟ್ಟಾಗ ಸಭೆ ಎರಡಾಯಿತು. ಕೆಲವರು ಎದ್ದು ಚಪ್ಪಾಳೆ ತಟ್ಟಿದರು, ಕೆಲವರು ಕೈ ಕಟ್ಟಿ ಕೂತೇ ಇದ್ದರು. 1952ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಅವರು ತಮ್ಮ ಹಳೆಯ ಕಮ್ಯುನಿಸ್ಟ್ ಸಂಗಾತಿಗಳ ಹೆಸರು ಹೇಳಿದ್ದರು. ಆ ಕಾಲದಲ್ಲಿ ಹಾಗೆ ಹೆಸರು ಹೊರಬಿದ್ದವರಿಗೆ ಸಿನಿಮಾದಲ್ಲಿ ಕೆಲಸ ಸಿಗುತ್ತಿರಲಿಲ್ಲ. ಒಂದು ಚಿತ್ರಕ್ಕೆ ಪ್ರಶಸ್ತಿ ಕೊಡುವಾಗ ಚಿತ್ರ ಬೇರೆ, ಮನುಷ್ಯ ಬೇರೆ ಅನ್ನಬಹುದು. ಆದರೆ ‘ಜೀವಮಾನ’ ಅಂತ ಹೆಸರಿಟ್ಟ ಮೇಲೆ ಅದರಲ್ಲಿ ಒಂದು ವರ್ಷವನ್ನು ಬಿಟ್ಟು ಎಣಿಸುವುದಕ್ಕೆ ಬರುವುದಿಲ್ಲ. ಅದೂ ಅಲ್ಲದೆ ಕಜಾನ್ ಅಷ್ಟರಲ್ಲಿ ಎರಡು ಸಲ ಅತ್ಯುತ್ತಮ ನಿರ್ದೇಶಕ ಆಸ್ಕರ್ ಗೆದ್ದಿದ್ದರು. ಅವರ ಕಲೆಗೆ ಮನ್ನಣೆ ಸಿಕ್ಕಿರಲಿಲ್ಲ ಅಂತ ಹೇಳುವ ಹಾಗೂ ಇರಲಿಲ್ಲ. ನನ್ನನ್ನು ಕೇಳಿದರೆ ಬೇಕಿರಲಿಲ್ಲ.

ಇನ್ನು ಸಮಯದ ಮಾತು. ಸತ್ಯಜಿತ್ ರಾಯ್ ಅವರಿಗೆ ಗೌರವ ಆಸ್ಕರ್ ಕೊಟ್ಟದ್ದು 1992ರ ಮಾರ್ಚ್ 30ರ ಸಮಾರಂಭದಲ್ಲಿ. ವೇದಿಕೆಯ ಮೇಲೆ ನಟಿ ಆಡ್ರಿ ಹೆಪ್‌ಬರ್ನ್ ಇದ್ದರು, ರಾಯ್ ಇರಲಿಲ್ಲ. ಅವರು ಕೊಲ್ಕತ್ತದಲ್ಲಿ ಹಾಸಿಗೆ ಹಿಡಿದಿದ್ದರು. ಪ್ರತಿಮೆಯನ್ನು ಕೈಯಲ್ಲಿ ಹಿಡಿದು ಮಲಗಿದಲ್ಲೇ ಮಾತಾಡಿದ ವಿಡಿಯೋವನ್ನು ಪರದೆಯ ಮೇಲೆ ತೋರಿಸಿದರು. ದನಿ ಕ್ಷೀಣವಾಗಿತ್ತು, ಮಾತು ಮಾತ್ರ ತಿಳಿಯಾಗಿತ್ತು. ಹುಡುಗನಾಗಿದ್ದಾಗ ಹಾಲಿವುಡ್ ತಾರೆಯರಿಗೆ ಅಭಿಮಾನದ ಪತ್ರ ಬರೆದದ್ದನ್ನು ನೆನೆದರು. ಡಿಯಾನಾ ಡರ್ಬಿನ್ ಉತ್ತರ ಕೊಟ್ಟರು, ಜಿಂಜರ್ ರೋಜರ್ಸ್ ಕೊಡಲಿಲ್ಲ ಅಂತ. ಏಪ್ರಿಲ್ 23ಕ್ಕೆ ತೀರಿಕೊಂಡರು. 24 ದಿನ. ಅವರ ಮೊದಲ ಚಿತ್ರ ಬಂದು ಅಷ್ಟರಲ್ಲಿ 37 ವರ್ಷ ಆಗಿತ್ತು. 37 ವರ್ಷದಲ್ಲಿ ಯಾವ ವರ್ಷ ಕೊಟ್ಟಿದ್ದರೂ ನಡೆಯುತ್ತಿತ್ತು.

2009ರಿಂದ ಗೌರವ ಆಸ್ಕರ್‌ಗಳನ್ನು ಮುಖ್ಯ ಸಮಾರಂಭದಿಂದ ಬಿಡಿಸಿ ಬೇರೆ ದಿನ, ಬೇರೆ ಔತಣಕೂಟದಲ್ಲಿ ಕೊಡುತ್ತಿದ್ದಾರೆ. ಟಿವಿಯಲ್ಲಿ ನೇರವಾಗಿ ಕಾಣುವುದಿಲ್ಲ ಅನ್ನುವುದು ನಷ್ಟ. ಲಾಭವೂ ಇದೆ: ಟಿವಿಯ ಗಡಿಯಾರ ಇಲ್ಲದ್ದರಿಂದ ಹೆಚ್ಚು ಜನರಿಗೆ ಕೊಡಬಹುದು, ಪ್ರೇಕ್ಷಕರಿಗೆ ಗುರುತೇ ಸಿಗದವರಿಗೂ ಕೊಡಬಹುದು. 2016ರಲ್ಲಿ ಜಾಕಿ ಚಾನ್ ಜೊತೆ ಸಂಕಲನಕಾರ್ತಿ ಆ್ಯನ್ ಕೋಟ್ಸ್, ಪಾತ್ರಗಳಿಗೆ ನಟರನ್ನು ಹುಡುಕಿ ಕೊಡುವ ಲಿನ್ ಸ್ಟಾಲ್‌ಮಾಸ್ಟರ್, ಸಾಕ್ಷ್ಯಚಿತ್ರಕಾರ ಫ್ರೆಡರಿಕ್ ವೈಸ್‌ಮನ್ ಒಂದೇ ಸಂಜೆ ಪಡೆದರು. ಈ ಪ್ರಶಸ್ತಿ ಹೇಗಿರಬೇಕು ಅನ್ನುವುದಕ್ಕೆ ಆ ಒಂದು ಸಂಜೆಯ ಪಟ್ಟಿಯನ್ನೇ ತೋರಿಸಬಹುದು.

ಆಮೇಲೆ ಹಳೆಯ ಕಥೆ ಮತ್ತೆ ನಡೆಯಿತು: ಗೌರವ ಮೊದಲು, ಸ್ಪರ್ಧೆ ಆಮೇಲೆ. ನಟರ ಆಯ್ಕೆಗೆ 2025ರ ಚಿತ್ರಗಳಿಂದ ಆಸ್ಕರ್ ವಿಭಾಗ ಬಂತು. ಸ್ಟಂಟ್ ವಿನ್ಯಾಸಕ್ಕೆ 2027ರ ಚಿತ್ರಗಳಿಂದ ಬರಲಿದೆ, ಕನಟ್‌ಗೆ ಗೌರವ ಪ್ರಶಸ್ತಿ ಕೊಟ್ಟ 60 ವರ್ಷದ ಮೇಲೆ. ನೃತ್ಯ ನಿರ್ದೇಶನದ್ದು ಮಾತ್ರ ಉಲ್ಟಾ. 1935ರಿಂದ 1937ರ ಚಿತ್ರಗಳವರೆಗೆ, ಮೂರೇ ವರ್ಷ, ಅದಕ್ಕೂ ಒಂದು ವಿಭಾಗ ಇತ್ತು. ಆಮೇಲೆ ತೆಗೆದುಹಾಕಿದರು, ಮತ್ತೆ ತರಲಿಲ್ಲ. ಜೀನ್ ಕೆಲಿ, ಜೆರೋಮ್ ರಾಬಿನ್ಸ್, ಆನಾ ವೈಟ್, ಮೈಕೆಲ್ ಕಿಡ್, ಮೊನ್ನೆ 2025ರಲ್ಲಿ ಡೆಬ್ಬಿ ಆಲನ್. ಕುಣಿಸಿದವರೆಲ್ಲ ಈಗಲೂ ಗೌರವದ ಬಾಗಿಲಿನಿಂದಲೇ ಒಳಗೆ ಬರುತ್ತಿದ್ದಾರೆ.