ಓಡುವ ಕಾಲಿಗೆ ಎಷ್ಟು ಬೆಲೆ? ಸೇಕ್ವಾನ್ ಬಾರ್ಕ್ಲಿ ಬಂದ ದಾರಿ

2024ರ ನವೆಂಬರ್ 3, ಅಮೆರಿಕನ್ ಫುಟ್ಬಾಲ್ ಪಂದ್ಯ. ಜಾಕ್ಸನ್‌ವಿಲ್ ತಂಡದ ವಿರುದ್ಧ ಫಿಲಡೆಲ್ಫಿಯಾ ಈಗಲ್ಸ್‌ನ ಸೇಕ್ವಾನ್ ಬಾರ್ಕ್ಲಿ ಒಂದು ಚಿಕ್ಕ ಪಾಸ್ ಹಿಡಿದರು. ಒಬ್ಬನನ್ನು ತಪ್ಪಿಸಿದರು. ಇನ್ನೊಬ್ಬ ಬಂದಾಗ ಗಿರ್ರನೆ ತಿರುಗಿದರು. ತಿರುಗಿದ ರಭಸಕ್ಕೆ ಹೋಗಬೇಕಾದ ದಿಕ್ಕಿಗೇ ಬೆನ್ನಾಯ್ತು. ಅಷ್ಟರಲ್ಲಿ ಮೂರನೆಯವನು ಕಾಲು ಹಿಡಿದು ಕೆಡವಲು ಬಗ್ಗಿ ಬಂದ. ಬಾರ್ಕ್ಲಿ ಬೆನ್ನು ತಿರುಗಿಸಿಕೊಂಡೇ ಎಗರಿದರು. ಅವನ ತಲೆ ಮೇಲಿಂದ ಹಿಮ್ಮುಖವಾಗಿ ದಾಟಿ ಆ ಕಡೆ ಕಾಲೂರಿದರು.

ಅದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಆದರೆ ಅದಕ್ಕೂ ಹಿಂದಿನ ವರ್ಷ ಇದೇ ಆಟಗಾರನಿಗೆ ಹಳೆಯ ತಂಡ ನ್ಯೂಯಾರ್ಕ್ ಜೈಂಟ್ಸ್‌ನಲ್ಲಿ ದೀರ್ಘ ಕರಾರು ಕುದುರಿರಲಿಲ್ಲ. ಯಾಕೆ ಅನ್ನೋದು ಗೊತ್ತಾಗಬೇಕಾದರೆ ಈ ಕೆಲಸದ ಕಥೆ ಗೊತ್ತಿರಬೇಕು.

ಅಮೆರಿಕನ್ ಫುಟ್ಬಾಲ್‌ನಲ್ಲಿ ಚೆಂಡನ್ನು ಕಂಕುಳಲ್ಲಿ ಒತ್ತಿಕೊಂಡು ನುಗ್ಗುವವನೇ ರನ್ನಿಂಗ್ ಬ್ಯಾಕ್. ಕಬಡ್ಡಿಯಲ್ಲಿ ರೇಡ್‌ಗೆ ಹೋದವನ ಮೇಲೆ ನಾಲ್ಕೈದು ಜನ ಒಟ್ಟಿಗೆ ಬೀಳ್ತಾರಲ್ಲ, ಹಾಗೆ. ಇಲ್ಲಿ ಬೀಳುವವರಲ್ಲಿ ಕೆಲವರು 140 ಕಿಲೋ ತೂಗುತ್ತಾರೆ. ಒಂದೇ ಪಂದ್ಯದಲ್ಲಿ ಇಪ್ಪತ್ತು ಸಲ ಈ ಪೆಟ್ಟು ತಿನ್ನಬೇಕು.

ಒಂದು ಕಾಲದಲ್ಲಿ ತಂಡದ ಆಟವೆಲ್ಲ ಇವನ ಸುತ್ತಲೇ ಇತ್ತು. ಎರಿಕ್ ಡಿಕರ್ಸನ್ 1984ರಲ್ಲಿ ಒಂದೇ ಋತುವಿನಲ್ಲಿ 2,105 ಗಜ ಓಡಿದ ದಾಖಲೆ ಬಾರ್ಕ್ಲಿಯ ಕಾಲಕ್ಕೂ ಉಳಿದಿತ್ತು. ಆದರೆ 1978ರಲ್ಲೇ ನಿಯಮಗಳು ಪಾಸ್ ಆಟದ ಕಡೆ ವಾಲಿದ್ದವು. ಬರುಬರುತ್ತಾ ಹಣ ಚೆಂಡು ಎಸೆಯುವವರ, ಹಿಡಿಯುವವರ ಪಾಲಾಯಿತು. ಹೊಸ ಆಟಗಾರರನ್ನು ತಂಡಗಳು ಸರದಿಯಲ್ಲಿ ಆರಿಸಿಕೊಳ್ಳುವ 2013 ಮತ್ತು 2014ರ ಡ್ರಾಫ್ಟ್‌ಗಳ ಮೊದಲ ಸುತ್ತಿನಲ್ಲಿ ಒಬ್ಬ ರನ್ನಿಂಗ್ ಬ್ಯಾಕ್ ಕೂಡ ಆಯ್ಕೆಯಾಗಲಿಲ್ಲ.

ಇದಕ್ಕಿಂತ ದೊಡ್ಡ ಪೆಟ್ಟು ಲೀಗ್ ಮತ್ತು ಆಟಗಾರರ ಸಂಘದ ನಡುವಿನ 2011ರ ಕಾರ್ಮಿಕ ಒಪ್ಪಂದದಿಂದ ಬಿತ್ತು. ಡ್ರಾಫ್ಟ್‌ನಲ್ಲಿ ಬಂದ ಹೊಸಬರಿಗೆ ನಾಲ್ಕು ವರ್ಷ ನಿಗದಿತ ಸಂಬಳ. ಮೊದಲ ಸುತ್ತಿನವರನ್ನು ತಂಡ ಬೇಕೆಂದರೆ ಐದನೇ ವರ್ಷಕ್ಕೂ ಇಟ್ಟುಕೊಳ್ಳಬಹುದು. ಅದೂ ಮುಗಿದರೆ ‘ಫ್ರಾಂಚೈಸ್ ಟ್ಯಾಗ್’ ಹಾಕಿ ಇನ್ನೊಂದು ವರ್ಷ ಹಿಡಿದಿಡಬಹುದು. ಮೈಯಲ್ಲಿ ಕಸುವಿದ್ದಾಗ ಕೊಟ್ಟಷ್ಟು ತಗೋ ಅನ್ನುತ್ತಾರೆ. ಬಾಯಿಬಿಟ್ಟು ಕೇಳುವ ಹೊತ್ತಿಗೆ ವಯಸ್ಸಾಯ್ತು ಅನ್ನುತ್ತಾರೆ. ನನ್ನ ಪ್ರಕಾರ ಅನ್ಯಾಯ ಇರೋದು ಇಲ್ಲೇ. ಈಗಿನ ಒಪ್ಪಂದ 2030ರವರೆಗೂ ಇದೆ.

ತಂಡಗಳ ಹತ್ತಿರವೂ ಒಂದು ಉತ್ತರವಿದೆ: ರನ್ನಿಂಗ್ ಬ್ಯಾಕ್ ಟಾಡ್ ಗರ್ಲಿ. 2018ರಲ್ಲಿ ರ್‍ಯಾಮ್ಸ್ ತಂಡ ಅವರಿಗೆ 5.75 ಕೋಟಿ ಡಾಲರ್ ಕರಾರು ಕೊಟ್ಟಿತು. ಮೊಣಕಾಲು ಕೈಕೊಟ್ಟಿತು. 2020ರಲ್ಲಿ ಕರಾರು ರದ್ದಾಯಿತು.

ಬಾರ್ಕ್ಲಿಯ ಹೆಜ್ಜೆಗಳೂ ಇದೇ ದಾರಿಯಲ್ಲಿದ್ದವು. 2018ರ ಡ್ರಾಫ್ಟ್‌ನಲ್ಲಿ ಎರಡನೇ ಆಯ್ಕೆ. ಮೊದಲ ವರ್ಷವೇ ಓಡಿ, ಹಿಡಿದು ಒಟ್ಟು 2,028 ಗಜ. 2020ರ ಸೆಪ್ಟೆಂಬರ್‌ನಲ್ಲಿ ಮೊಣಕಾಲಿನ ಲಿಗಮೆಂಟ್ ಹರಿಯಿತು. ಚೇತರಿಸಿಕೊಂಡು 2022ರಲ್ಲಿ ಮತ್ತೆ 1,312 ಗಜ ಓಡಿದರು. ಇಷ್ಟಾದ ಮೇಲೂ 2023ರಲ್ಲಿ ಸಿಕ್ಕಿದ್ದು ಟ್ಯಾಗ್. ರನ್ನಿಂಗ್ ಬ್ಯಾಕ್‌ಗಳ ಟ್ಯಾಗ್ ಬೆಲೆ, ಅಂದರೆ ಆ ಒಂದು ವರ್ಷದ ಸಂಬಳ, ಸುಮಾರು 1.01 ಕೋಟಿ ಡಾಲರ್, ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ಗಳದ್ದು 3.24 ಕೋಟಿ. ಆ ಜುಲೈನಲ್ಲಿ ಬೇರೆ ಬೇರೆ ತಂಡಗಳ ರನ್ನಿಂಗ್ ಬ್ಯಾಕ್‌ಗಳು ಜೂಮ್‌ನಲ್ಲಿ ಸೇರಿ ಕಷ್ಟ ಹಂಚಿಕೊಂಡರು. ಕಾರ್ಮಿಕ ಒಪ್ಪಂದಕ್ಕೆ ಸಹಿ ಬಿದ್ದಾಗಿತ್ತು, ಇನ್ನೇನು ಮಾಡಿಯಾರು?

2024ರ ಮಾರ್ಚ್‌ನಲ್ಲಿ ಈಗಲ್ಸ್ ಮೂರು ವರ್ಷಕ್ಕೆ 3.775 ಕೋಟಿ ಡಾಲರ್ ಕೊಟ್ಟು ಕರೆದುಕೊಂಡಿತು. ಜೈಂಟ್ಸ್‌ನ ಕೊನೆಯ ವರ್ಷ ಪ್ರತಿ ಓಟಕ್ಕೆ ಸರಾಸರಿ 3.9 ಗಜ ಸಿಗುತ್ತಿತ್ತು, ಇಲ್ಲಿ 5.8. ಮನುಷ್ಯ ಅದೇ, ಕಾಲೂ ಅದೇ. ಮುಂದೆ ಎದುರಾಳಿಗಳನ್ನು ತಡೆದು ದಾರಿ ಬಿಡಿಸುವ ಆಟಗಾರರ ಗೋಡೆ ಬೇರೆ. ಆಸ್ಟ್ರೇಲಿಯಾದ ರಗ್ಬಿಯಿಂದ ಬಂದ ಜೋರ್ಡಾನ್ ಮೈಲಾಟಾ, ಅನುಭವಿ ಲೇನ್ ಜಾನ್ಸನ್ ಅಂಥವರು ಅಲ್ಲಿದ್ದರು. ರನ್ನಿಂಗ್ ಬ್ಯಾಕ್‌ನ ಲೆಕ್ಕದಲ್ಲಿ ಇವರ ಪಾಲನ್ನು ನಾವು ಮರೆತೇ ಬಿಡ್ತೀವಿ.

ಆ ಋತುವಿನಲ್ಲಿ 2,005 ಗಜ. ಡಿಕರ್ಸನ್ ದಾಖಲೆ ಮುರಿಯಲು ಇನ್ನು 101 ಗಜ ಸಾಕಿತ್ತು. ಆದರೆ ಪ್ಲೇಆಫ್ ಮುಂದಿತ್ತು, ಕೊನೆಯ ಪಂದ್ಯಕ್ಕೆ ಅವರನ್ನು ಕೂರಿಸಿದರು. 2025ರ ಫೆಬ್ರವರಿ 9ಕ್ಕೆ ಬಾರ್ಕ್ಲಿಗೆ 28 ತುಂಬಿತು. ಅವತ್ತೇ ಲೀಗಿನ ಫೈನಲ್ ಆದ ಸೂಪರ್ ಬೌಲ್, ಈಗಲ್ಸ್ 40-22ರಿಂದ ಗೆದ್ದಿತು. ಮರುತಿಂಗಳು ಇನ್ನೆರಡು ವರ್ಷಕ್ಕೆ 4.12 ಕೋಟಿ ಡಾಲರ್ ಕರಾರು. ವರ್ಷಕ್ಕೆ ಸರಾಸರಿ ಎರಡು ಕೋಟಿ ಡಾಲರ್ ದಾಟಿದ ಮೊದಲ ರನ್ನಿಂಗ್ ಬ್ಯಾಕ್ ಅವರೇ.

ಮುಂದೇನು? ನನ್ನ ತಲೆಯಲ್ಲಿ ಕೊರೆಯುವ ಸಂಖ್ಯೆ 436. ಪ್ಲೇಆಫ್ ಸೇರಿ ಆ ಋತುವಿನಲ್ಲಿ ಅಷ್ಟು ಸಲ ಚೆಂಡು ಹಿಡಿದು ಓಡಿದರು, ಒಟ್ಟು 2,504 ಗಜ. ಆ ಗಜಗಳ ಲೆಕ್ಕದಲ್ಲಿ ಅವರು ಮುರಿದಿದ್ದು ರನ್ನಿಂಗ್ ಬ್ಯಾಕ್ ಟೆರೆಲ್ ಡೇವಿಸ್ ಅವರ 1998ರ ದಾಖಲೆ. ಡೇವಿಸ್ ಕಥೆ ನೆನೆದರೆ ಭಯವಾಗುತ್ತದೆ. ಮರುವರ್ಷವೇ ಮೊಣಕಾಲು ಹೋಯ್ತು, 2002ಕ್ಕೆ ಆಟವೇ ನಿಂತಿತು. ಇನ್ನೊಂದು ಕಡೆ ಡೆರಿಕ್ ಹೆನ್ರಿ ಇದ್ದಾರೆ. 30 ತುಂಬಿದ ಮೇಲೆ, 2024ರಲ್ಲಿ, 1,921 ಗಜ ಓಡಿದರು.

2025ರಲ್ಲಿ ಬಾರ್ಕ್ಲಿಯ ಓಟ ಹಿಂದಿನ ವರ್ಷದ ಮಟ್ಟ ಮುಟ್ಟಲಿಲ್ಲ. ಮುಂದಿನ ಗೋಡೆಯಲ್ಲೂ ಗಾಯಾಳುಗಳಿದ್ದರು, ಹಾಗಾಗಿ ಎಲ್ಲವನ್ನೂ ವಯಸ್ಸಿನ ಮೇಲೆ ಹಾಕೋದು ಸರಿಯಲ್ಲ. ಕರಾರು 2028ರವರೆಗೆ ಇದೆ. ಆಗ ಅವರಿಗೆ 31. ಅಲ್ಲಿಯವರೆಗೆ ಚೆನ್ನಾಗಿ ಆಡಬೇಕಾದರೆ ಗುಂಪಿನೊಳಗೆ ನುಗ್ಗಿಸೋದು ಕಡಿಮೆ ಮಾಡಿ, ಬಯಲಲ್ಲಿ ಪಾಸ್ ಕೊಡೋದು ಜಾಸ್ತಿ ಮಾಡಬೇಕು. ಆ ಕೈಗೆ ಅದು ಹೊಸದೇನಲ್ಲ, ಮೊದಲ ವರ್ಷವೇ 91 ಪಾಸ್ ಹಿಡಿದಿದ್ದರು. ಜಾಕ್ಸನ್‌ವಿಲ್ ವಿರುದ್ಧದ ಆ ಎಗರಾಟ ಶುರುವಾಗಿದ್ದೂ ಒಂದು ಚಿಕ್ಕ ಪಾಸ್‌ನಿಂದಲೇ ಅಲ್ವಾ.