ಕಾವಲುಗಾರನಿಗೆ ಜೋಗುಳ

ಲಾಲ್‌ಬಾಗ್ ಗೇಟಿನ ಹತ್ತಿರ ಬೂದುಗುಂಬಳದ ಜ್ಯೂಸ್ ಗಾಡಿಗೆ 'ಇಮ್ಯುನಿಟಿ ಹೆಚ್ಚುತ್ತೆ' ಅಂತ ಬೋರ್ಡ್ ಹಾಕಿದ್ದಾರೆ. ಮೊನ್ನೆ ವಾಕಿಂಗ್ ಮುಗಿಸಿ ಬಂದ ಹಿರಿಯರೊಬ್ಬರು, "ನಮ್ಮ ಭಾವನಿಗೆ ಪ್ರಾಸ್ಟೇಟ್ ಕ್ಯಾನ್ಸರ್. ಕಾಫಿ ಬಿಡಿಸಿ ದಿನಾ ಇದನ್ನೇ ಕೊಡ್ತಿದ್ದೀವಿ. ರೋಗದ ಜೊತೆ ಹೋರಾಡೋಕೆ ಶಕ್ತಿ ಬೇಕಲ್ವಾ?" ಅಂದರು. ಶಕ್ತಿ ಇದ್ದೂ ಕಾವಲುಗಾರ ತೂಕಡಿಸುತ್ತಿದ್ದರೆ?

ಎಟಿಪಿ ಗೊತ್ತಲ್ಲ, ಜೀವಕೋಶ ಶಕ್ತಿಗಾಗಿ ಖರ್ಚು ಮಾಡುವ ಚಿಲ್ಲರೆ ಕಾಸು. ಅದು ಜೇಬಿನೊಳಗೇ ಇರಬೇಕು. ಕೋಶ ಒಡೆದು ಹೊರಗೆ ಚೆಲ್ಲಿತೋ, ಏನೋ ಎಡವಟ್ಟಾಗಿದೆ ಅಂತಲೇ ಲೆಕ್ಕ. ಹಾಲು ಉಕ್ಕಿ ಸೀದರೆ ಹಿತ್ತಲಲ್ಲಿದ್ದವರೂ ಓಡಿ ಬರುವುದಿಲ್ಲವೇ, ಹಾಗೆ ರೋಗನಿರೋಧಕ ಕೋಶಗಳು ಓಡಿ ಬರುತ್ತವೆ. ಆದರೆ ಗಡ್ಡೆಯ ಅಂಗಳದಲ್ಲಿ ಎರಡು ಕತ್ತರಿಗಳು, ಅಂದರೆ ಕಿಣ್ವಗಳು, ಕಾದಿರುತ್ತವೆ. ಎಟಿಪಿಗೆ ಮೂರು ಫಾಸ್ಫೇಟಿನ ಬಾಲ. ಸಿಡಿ39 ಎಂಬ ಕತ್ತರಿ ಎರಡನ್ನು ಕತ್ತರಿಸುತ್ತದೆ, ಸಿಡಿ73 ಉಳಿದೊಂದನ್ನು. ಕೊನೆಗೆ ಮಿಕ್ಕುವುದು ಅಡೆನೊಸಿನ್. 'ಬೆಂಕಿ, ಬೆಂಕಿ' ಅಂತ ಕೂಗುತ್ತಿದ್ದ ಅಣುವೇ ಈಗ ಜೋಗುಳ ಹಾಡುತ್ತದೆ. ಗಡ್ಡೆಯ ಮೇಲೆ ಬೀಳಬೇಕಿದ್ದ ಕಾವಲುಗಾರ, ಅಂದರೆ ಟಿ ಕೋಶ ಎಂಬ ರೋಗನಿರೋಧಕ ಕೋಶ, ಮಂಕಾಗುತ್ತದೆ.

ಪ್ರಾಸ್ಟೇಟಿನಲ್ಲಿ ಮೂರನೆಯ ಕತ್ತರಿಯೂ ಇದೆ: ಆ ಗ್ರಂಥಿಯೇ ಧಾರಾಳವಾಗಿ ತಯಾರಿಸುವ ಆಸಿಡ್ ಫಾಸ್ಫಟೇಸ್. ಕ್ಯಾನ್ಸರ್ ಹರಡಿದವರ ರಕ್ತದಲ್ಲಿ ಇದು ಏರಿರುತ್ತದೆ ಎಂದು 1938ರಲ್ಲೇ ಗುಟ್‌ಮನ್ ದಂಪತಿ ತೋರಿಸಿದ್ದರು. ಪ್ರಾಸ್ಟೇಟಿಗೆ ಈಗ ಮಾಡುವ ಪಿಎಸ್‌ಎ ಪರೀಕ್ಷೆ ಬರುವವರೆಗೆ ಇದೇ ರಕ್ತಪರೀಕ್ಷೆ. ಬರೀ ಗುರುತು ಅಂದುಕೊಂಡಿದ್ದ ಆ ಕಿಣ್ವಕ್ಕೆ ಅಡೆನೊಸಿನ್ ತಯಾರಿಸುವ ಕೈಚಳಕವೂ ಇದೆ ಎಂದು ತಿಳಿಯಲು ದಶಕಗಳೇ ಬೇಕಾದವು! 2010ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಸಿಪುಲ್ಯುಸೆಲ್-ಟಿ ಎಂಬ, ಪ್ರಾಸ್ಟೇಟ್ ಕ್ಯಾನ್ಸರ್ ಬಂದವರಿಗೇ ಕೊಡುವ ಚಿಕಿತ್ಸೆಯ ಲಸಿಕೆ ಗುರಿ ಇಟ್ಟಿದ್ದೂ ಇದರ ಮೇಲೆಯೇ. ಪ್ರಯೋಗದಲ್ಲಿ ಅದು ಆಯಸ್ಸನ್ನು ಸುಮಾರು 4 ತಿಂಗಳು ಹೆಚ್ಚಿಸಿತ್ತು.

ಜೋಗುಳವೊಂದೇ ಅಲ್ಲ, ಗಡ್ಡೆಯ ಬಳಿ ಬೇರೆ ಉಪಾಯಗಳೂ ಇವೆ: ರೋಗನಿರೋಧಕ ಕೋಶಗಳನ್ನು ತಣ್ಣಗಾಗಿಸುವ ಟಿಜಿಎಫ್-ಬೀಟಾ ಎಂಬ ಪ್ರೋಟೀನು, ಸಮಾಧಾನ ಹೇಳುವ ಟಿ-ರೆಗ್ ಕೋಶಗಳು. ಟಿ ಕೋಶಗಳ ಬ್ರೇಕು ಬಿಡಿಸುವ ವಿದ್ಯೆಗೆ 2018ರಲ್ಲಿ ವಿಜ್ಞಾನಿಗಳಾದ ಆಲಿಸನ್ ಮತ್ತು ಹೊಂಜೊ ಅವರಿಗೆ ನೊಬೆಲ್ ಬಂತು. ಚರ್ಮದ ಮೆಲನೋಮಾದಲ್ಲಿ ಆ ಔಷಧಗಳದು ಭರ್ಜರಿ ಕೆಲಸ, ಪ್ರಾಸ್ಟೇಟಿನಲ್ಲಿ ಬಹುತೇಕರಿಗೆ ಅಷ್ಟಕ್ಕಷ್ಟೆ. ಡ್ರೈವರೇ ಮಲಗಿದ್ದರೆ ಬ್ರೇಕು ಬಿಟ್ಟು ಏನು ಬಂತು?

ಅಂದಹಾಗೆ, ಮಧ್ಯಾಹ್ನ ನಮ್ಮ ಕಣ್ಣು ಎಳೆಯುವುದರಲ್ಲೂ ಅಡೆನೊಸಿನ್ ಕೈವಾಡವಿದೆ. ಕಾಫಿಯ ಕೆಫೀನ್ ಅದರ ಸೀಟಿನಲ್ಲಿ ಟವೆಲ್ ಹಾಕಿ ಕೂರುತ್ತದೆ. ಟಿ ಕೋಶದ ಮೇಲಿರುವ ಅಂಥದೇ ಸೀಟು ಹಿಡಿಯುವ ಔಷಧಗಳನ್ನು ಪ್ರಾಸ್ಟೇಟ್ ಕ್ಯಾನ್ಸರಿನಲ್ಲೂ ಪರೀಕ್ಷಿಸಿದ್ದಾರೆ. ಹಾಗಂತ ಫಿಲ್ಟರ್ ಕಾಫಿಯಿಂದ ಕ್ಯಾನ್ಸರ್ ವಾಸಿ ಅಂತ ಸುಮ್ನೆ ವಾಟ್ಸಾಪಿನಲ್ಲಿ ಹರಿಬಿಡಬೇಡಿ. ಲೋಟದ ಲೆಕ್ಕ ಗಡ್ಡೆಯವರೆಗೆ ಹೋಗುವುದಿಲ್ಲ.

ಇಷ್ಟೆಲ್ಲ ಕೇಳಿದ ಹಿರಿಯರು, "ಹಾಗಾದ್ರೆ ಭಾವನಿಗೆ ಕಾಫಿ ಕೊಡಬಹುದಾ?" ಅಂದರು. ಮೂತ್ರದ ಅವಸರ ಜಾಸ್ತಿ ಇದ್ದರೆ ಡಾಕ್ಟರನ್ನು ಕೇಳಿ, ಇಲ್ಲದಿದ್ದರೆ ರುಚಿಗೆ ಅರ್ಧ ಲೋಟ ಕೊಡಿ ಅಂದೆ.